ಮದಾಮ್ ನೆವಾರ್ತ್ ಹೆಸರಿಡದ ಮೌನ

ಹಾಜಿ ವಹೀದರ ಅಂಗಳದಲ್ಲಿ ನಾನು “ಅಲ್ಲಾಹ್!” ಎಂದು ಕೂಗಿದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಧ್ವನಿಯಲ್ಲಿ ತಕ್ಕಷ್ಟು ನಡುಕ ಇತ್ತು, ಕಣ್ಣು ಅರ್ಧ ಮುಚ್ಚಿತ್ತು, ಬಲಗೈ ಎಷ್ಟು ಮೇಲೇಳಬೇಕೋ ಅಷ್ಟೇ ಎದ್ದಿತ್ತು. ತಪ್ಪಿದ್ದು ಒಂದೇ. ಹಾಡು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಊಟ ಮುಗಿದು, ಕಾಫಿ ಬಂದು, ಗಾಯಕ ಮಿಸ್ಬಾಹ್ ಕಣ್ಣು ಮುಚ್ಚಿ, ಕೆನ್ನೆಗೆ ಕೈ ಕೊಟ್ಟು ಆಲಾಪ ತೆಗೆದಿದ್ದ. ಒಂದೊಂದೇ ಸ್ವರ ಹತ್ತುತ್ತ ಹೋಗಿ, ತುದಿಗೆ ಇನ್ನೊಂದೇ ಮೆಟ್ಟಿಲು ಎನ್ನುವಾಗ ಗಕ್ಕನೆ ನಿಂತ. ಮುಗಿಯಿತು ಅಂದುಕೊಂಡು, ಭೇಷ್ ಎನ್ನುವುದಕ್ಕೆ ನಮ್ಮಲ್ಲಿ ಕೂಗುವಂತೆ, ನಾನು ಕೂಗಿಬಿಟ್ಟೆ. ಮಿಸ್ಬಾಹ್ ಒಂದು ಕಣ್ಣು ತೆರೆದು ನನ್ನನ್ನು ನೋಡಿದ. ಅಂಗಳದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ನಮ್ಮ ಹಲಬ್‌ನಲ್ಲಿ, ಅಂದರೆ ಹೊರಗಿನವರು ಅಲೆಪ್ಪೊ ಎಂದು ಕರೆಯುವ ಊರಿನಲ್ಲಿ, ಹಾಡುವವನು ತಪ್ಪಿದರೆ ಕ್ಷಮೆ ಉಂಟು. ಕೇಳುವವನು ತಪ್ಪಿದರೆ ಇಲ್ಲ.

“ಅಬು ಮುನೀರ್, ಬಸ್ಸು ನಿಲ್ಲೋಕೆ ಮುಂಚೇನೇ ಇಳಿದುಬಿಟ್ರಲ್ಲ! ಮಂಡಿಗೇನೂ ಪೆಟ್ಟಾಗ್ಲಿಲ್ಲ ತಾನೆ?” ಎಂದರು ಹಾಜಿ ವಹೀದ್, ತಾವು ಮಾರುವ ಸಾಬೂನಿನಷ್ಟೇ ನುಣ್ಣಗೆ.

ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಆದರೆ ಆವತ್ತು ನಾನು ಹೋಗಿದ್ದು ಹೆಣ್ಣು ಕೇಳಲಿಕ್ಕೆ. ನನ್ನ ಅಕ್ಕನ ಮಗ ಘಿಯಾಸ್ ಹಲ್ಲಿನ ಡಾಕ್ಟರು. ಹಾಜಿಯವರ ಮೊಮ್ಮಗಳು ರಿಹಾಬ್ ಹಲ್ಲುನೋವೆಂದು ಅವನ ಕುರ್ಚಿಯಲ್ಲಿ ಕೂತಿದ್ದಳು. ಹಲ್ಲು ವಾಸಿಯಾದ ಮೇಲೂ ತೋರಿಸಿಕೊಳ್ಳಲು ಬರುತ್ತಿದ್ದಳು. ಇವನೂ ಇಲ್ಲದ ತೂತು ಹುಡುಕುತ್ತಿದ್ದ. ಹೆಂಗಸರ ನಡುವಿನ ಮಾತುಕತೆ ಚೆನ್ನಾಗಿಯೇ ಮುಗಿದಿತ್ತು. ಭಾವ ತೀರಿಹೋಗಿದ್ದರಿಂದ ಗಂಡಸರ ಮಾತಿಗೆ ನಾನು ಹೋಗಬೇಕಾಯಿತು. ಹೋಗಿ ಮಾಡಿದ ಮಾತು ಇದೊಂದೇ.

ಹಾಡು ಮುಗಿದ ಮೇಲೆ ಹಾಜಿ ನನ್ನನ್ನು ಕಿತ್ತಳೆ ಗಿಡದ ಪಕ್ಕಕ್ಕೆ ಕರೆದೊಯ್ದರು. “ನೋಡಿ ಅಬು ಮುನೀರ್, ಹುಡುಗನ ವಿದ್ಯೆ, ಗುಣ ಎಲ್ಲಾ ನಮ್ಮನೆ ಹೆಂಗಸರು ವಿಚಾರಿಸಿದ್ದಾರೆ. ಕಿವಿ ಮಾತ್ರ ಯಾರೂ ವಿಚಾರಿಸಿಲ್ಲ. ಸೋದರಮಾವನ ಕಿವಿ ಹೀಗಿದ್ರೆ ನನಗೂ ಭಯ ಆಗುತ್ತಲ್ವಾ? ನಾಳೆ ನನ್ನ ಅಂಗಳದಲ್ಲಿ ನನ್ನ ಮೊಮ್ಮಗಳ ಗಂಡ ಎಲ್ಲೆಂದರಲ್ಲಿ ಕೂಗಿದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ? ಚೆರ್ರಿ ಹಣ್ಣಾಗಲಿ. ಚೆರ್ರಿ ಕಬಾಬಿನ ಊಟಕ್ಕೆ ಹುಡುಗನ್ನ ಕರ್ಕೊಂಡು ಬನ್ನಿ. ಮಿಸ್ಬಾಹ್ ಹಾಡ್ತಾನೆ, ಹುಡುಗ ಕೇಳ್ತಾನೆ. ಅವನು ಹೇಗೆ ಕೇಳ್ತಾನೆ ಅಂತ ನಾನು ನೋಡ್ತೀನಿ.”

ಮರಗಳಲ್ಲಿ ಚೆರ್ರಿ ಆಗಲೇ ಕೆಂಪಾಗತೊಡಗಿತ್ತು.

ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ ಪಕ್ಕದಲ್ಲಿ ಒಂದು ತಗ್ಗಿದ ದನಿ ಕೇಳಿಸಿತು. “ಗುರುವಾರ ಸಂಜೆ ನಮ್ಮನೇಲಿ ಪಾಠ ಇರುತ್ತೆ. ಮಕ್ಕಳ ಜೊತೆ ಕೂರೋಕೆ ನಾಚಿಕೆ ಇಲ್ಲ ಅಂದ್ರೆ ಬನ್ನಿ. ಹುಡುಗನ್ನೂ ಕರ್ಕೊಂಡು ಬನ್ನಿ.”

ಹಾಗೆಂದದ್ದು ಮದಾಮ್ ನೆವಾರ್ತ್. ಹೇಳಿದ್ದೇ ಕರವಸ್ತ್ರವನ್ನು ಮತ್ತೆ ಬಾಯಿಗೆ ಒತ್ತಿಕೊಂಡು ಹೊರಟುಹೋದರು.

ಅವರನ್ನು ಗೊತ್ತಿಲ್ಲದವರು ನಮ್ಮ ಜ್ದೈದೆ ಬಡಾವಣೆಯಲ್ಲಿ ಯಾರೂ ಇಲ್ಲ. ಹುಟ್ಟಿದ್ದು ಮಿದಾನ್ ಕೇರಿಯ ಅರ್ಮೇನಿಯನ್ನರ ನಡುವೆ. ಅಪ್ಪ ಗರಾಬೆದ್ ಅಕಾರ್ಡಿಯನ್ ರಿಪೇರಿ ಮಾಡುತ್ತಿದ್ದ. ಯುರೋಪಿನಿಂದ ಬಂದ ಅಕಾರ್ಡಿಯನ್ನಿನಲ್ಲಿ ನಮ್ಮ ಅರ್ಧಕ್ಕರ್ಧ ರಾಗಗಳು ನುಡಿಯುವುದಿಲ್ಲ. ನಮಗೆ ಬೇಕಾದ ಸ್ವರ ಅವರ ಎರಡು ಸ್ವರಗಳ ನಡುವೆ ಎಲ್ಲೋ ಬಚ್ಚಿಟ್ಟುಕೊಂಡಿರುತ್ತದೆ. ಗರಾಬೆದ್ ಪೆಟ್ಟಿಗೆ ಬಿಚ್ಚಿ, ಒಳಗಿನ ಹಿತ್ತಾಳೆಯ ನಾಲಿಗೆಯನ್ನು ಅರದಿಂದ ಚೂರುಚೂರೇ ಉಜ್ಜಿ, ಆ ಸ್ವರವನ್ನು ಹೊರಗೆ ಎಳೆಯುತ್ತಿದ್ದ. ಮಗಳು ಪಕ್ಕದಲ್ಲಿ ಕೂತು ಅವನು ಕೇಳಿದ್ದನ್ನು ಎತ್ತಿಕೊಡಬೇಕು. “ಆ ಸಿಕಾಹ್ ಕೊಡು, ಈ ನವಾ ತಗೋ” ಎನ್ನುತ್ತಿದ್ದನಂತೆ. ಬೇರೆ ಮಕ್ಕಳು ಬಣ್ಣಗಳ ಹೆಸರು ಕಲಿಯುವ ವಯಸ್ಸಿನಲ್ಲಿ ನೆವಾರ್ತ್ ಸ್ವರಗಳ ಹೆಸರು ಕಲಿತದ್ದು ಹೀಗೆ. ಹಳದಿಗೂ ಕೇಸರಿಗೂ ಇರುವ ವ್ಯತ್ಯಾಸ ಮಾತ್ರ ತಮಗೆ ಇವತ್ತಿಗೂ ಅನುಮಾನ ಎಂದು ಅವರೇ ಹೇಳುತ್ತಾರೆ.

ದೊಡ್ಡವರಾದ ಮೇಲೆ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಡಂ ಆದರು. ವಿಚಿತ್ರವೆಂದರೆ ಅವರು ಹಾಡುವುದಿಲ್ಲ. ಬಾರಿಸುವುದೂ ಅಷ್ಟಕ್ಕಷ್ಟೆ, ಪಾಠಕ್ಕೆ ಬೇಕಾದಷ್ಟು. ಕಲಿಸುವುದು ಹೆಸರುಗಳನ್ನು. ಇದು ಯಾವ ಸ್ವರ, ಅದು ಯಾವ ತಾಳ, ಹಾಡು ಎಲ್ಲಿ ಹೊರಟಿತು, ಎಲ್ಲಿ ನಿಂತಿತು, ಆ ನಿಂತದ್ದಕ್ಕೆ ಏನನ್ನುತ್ತಾರೆ, ಇಷ್ಟೇ. ನಿವೃತ್ತರಾದ ಮೇಲೂ ಮನೆಯ ಅಂಗಳದಲ್ಲಿ ಅದೇ ಪಾಠ ನಡೆದಿದೆ. ಯಾರೋ ತಾಯಿ ಒಮ್ಮೆ ತಡೆಯಲಾರದೆ ಕೇಳಿದ್ದಳು. “ಮದಾಮ್, ಬರೀ ಹೆಸರು ಕಲಿತರೆ ಹಾಡು ಬಂದುಬಿಡುತ್ತಾ?”

“ಬರಲ್ಲಮ್ಮ. ಬೀದಿ ಹೆಸರು ಗೊತ್ತಿದ್ರೆ ಬೀದಿ ನಿನ್ನದಾಗುತ್ತಾ? ಟ್ಯಾಕ್ಸಿಯೋನಿಗೆ ಹೇಳೋಕಾದ್ರೂ ಆಗುತ್ತೆ.”

ಗಂಡ ಹಾಗೋಪ್ ಬೇಕರಿ ನಡೆಸುತ್ತಿದ್ದ ಸಾಧು ಮನುಷ್ಯ. ಈಗಿಲ್ಲ. ಅವನ ಗೊರಕೆ ಮಾತ್ರ ಪಾಠದಲ್ಲಿ ಉಳಿದುಕೊಂಡಿದೆ. ಸಮಾಯಿ ಎನ್ನುವ ಹತ್ತು ಎಣಿಕೆಯ ತಾಳ ಹೇಳಿಕೊಡುವಾಗ ಮದಾಮ್, “ನಮ್ಮ ಯಜಮಾನ್ರು ಇದರಲ್ಲೇ ಗೊರಕೆ ಹೊಡೀತಿದ್ರು. ಒಂದು ದಿನ ಒಂಬತ್ತಕ್ಕೇ ನಿಂತುಹೋಯ್ತು. ಏನಾಯ್ತೋ ಅಂತ ಗಾಬರಿಯಾಗಿ ಎಬ್ಬಿಸಿದೆ. ಪಾಪ, ಬೆಕ್ಕು ಮೂಗಿನ ಮೇಲೆ ಬಾಲ ಇಟ್ಟಿತ್ತು” ಎನ್ನುತ್ತಾರೆ. ಮಕ್ಕಳು ನಗುತ್ತಾರೆ. ಮದಾಮ್ ನಗುವುದಿಲ್ಲ. ನಕ್ಕರೂ ಕೈ ಅಡ್ಡ ಇರುತ್ತದೆ, ಕಾಣಿಸುವುದಿಲ್ಲ.

ಆದರೆ ಅವರ ದೊಡ್ಡ ಹೆಸರು ಇರುವುದು ಬೇರೆ ಕಾರಣಕ್ಕೆ. ಊರಿನಲ್ಲಿ ಎಲ್ಲೇ ಹಾಡು ನಡೆಯಲಿ, ಮದಾಮ್ ನೆವಾರ್ತ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಇರುತ್ತಾರೆ. ಎಂಥ ಗಾಯಕನೇ ಹಾಡಲಿ, ಉಳಿದವರೆಲ್ಲ ಎದ್ದು ಕುಣಿಯುವಂತಾದರೂ ಅವರ ಬಾಯಿಂದ ಒಂದು “ಅಲ್ಲಾಹ್” ಬಂದದ್ದನ್ನು ಕೇಳಿದವರಿಲ್ಲ. ಒಂದು “ಆಹ್” ಕೂಡ ಇಲ್ಲ. ಇದರ ಬಗ್ಗೆ ಊರಿನಲ್ಲಿ ನಾನಾ ವಾದಗಳಿದ್ದವು. ಚಿಕ್ಕಂದಿನಲ್ಲಿ ಯಾರೋ ಮಹಾ ಗಾಯಕನನ್ನು ಕೇಳಿದ್ದರಂತೆ, ಅವನಿಗೆ ಸಮನಾದವನು ಸಿಗುವವರೆಗೆ ಬಾಯಿ ತೆರೆಯುವುದಿಲ್ಲವೆಂದು ಹರಕೆ ಹೊತ್ತಿದ್ದಾರಂತೆ ಎನ್ನುವುದು ಬೇಕರಿಯ ಸಾಲಿನಲ್ಲಿ ನಿಂತವರ ವಾದ. ನಿಜವಾದ ರಸಿಕತೆ ಒಳಕ್ಕೆ ಇಂಗಿದರೆ ಹೊರಗೆ ಬರುವುದಿಲ್ಲ ಎನ್ನುವುದು ಹಾಜಿ ವಹೀದರ ವಾದ. ಗಾಯಕರಂತೂ ಅವರನ್ನು ಕಂಡರೆ ನಡುಗುತ್ತಿದ್ದರು. ಮಿಸ್ಬಾಹ್ ಒಮ್ಮೆ ನನ್ನ ಕನ್ನಡಕದ ಅಂಗಡಿಗೆ ಬಂದಾಗ, “ದೂರದ್ದು ಸ್ವಲ್ಪ ಮಸುಕಾಗಿ ಕಾಣೋ ಗಾಜು ಕೊಡಿ ಅಬು ಮುನೀರ್. ಬಾಗಿಲ ಹತ್ರದ ಕುರ್ಚಿ ಕಾಣದಿದ್ರೆ ಸಾಕು” ಎಂದು ಕೇಳಿದ್ದ.

ಗುರುವಾರ ಸಂಜೆ ಘಿಯಾಸನನ್ನು ಎಳೆದುಕೊಂಡು ಹೋದೆ. ಗಿಡ್ಡ ಸ್ಟೂಲುಗಳ ಮೇಲೆ ಮಕ್ಕಳು ಕೂತಿದ್ದರು. ನಮಗೂ ಅದೇ ಸ್ಟೂಲು. ನನ್ನ ಮಂಡಿ ಕಿವಿಯ ಹತ್ತಿರಕ್ಕೆ ಬಂತು. ಅಂಗಳದ ನಡುವೆ ಮಾಂಸ ಜಜ್ಜುವ ಕಲ್ಲಿನ ಒರಳು, ಗೋಡೆಗೆ ಆನಿಸಿ ಶಾಲೆಯವರು ಬೇಡವೆಂದು ಬಿಟ್ಟ ಒಂದು ಪಿಯಾನೊ.

ಮದಾಮ್ ಒನಕೆ ಎತ್ತಿಕೊಂಡರು. ಒರಳಿನ ತಳಕ್ಕೆ ಕುಟ್ಟಿದರು. “ಇದು?”

“ದುಮ್!” ಎಂದರು ಮಕ್ಕಳು.

ಅಂಚಿಗೆ ತಟ್ಟಿದರು. “ಇದು?”

“ತಕ್!”

ಒನಕೆಯನ್ನು ಮೇಲೆತ್ತಿ ಹಾಗೇ ಹಿಡಿದುಕೊಂಡರು. ಎಲ್ಲೂ ಸದ್ದಿಲ್ಲ. “ಇದು?”

ಏನೂ ಆಗಲಿಲ್ಲವಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ. ಮಕ್ಕಳು ಪಿಸುಗುಟ್ಟಿದರು: “ಇಸ್.”

“ಇಸ್,” ಎಂದರು ಮದಾಮ್, ನನ್ನನ್ನೇ ನೋಡುತ್ತ. “ಒನಕೆ ಮೇಲಿದ್ದಾಗ್ಲೂ ತಾಳ ನಡೀತಿರುತ್ತೆ. ಸದ್ದಿಲ್ಲ ಅಂದ್ರೆ ಮುಗೀತು ಅಂತಲ್ಲ. ಕೈ ಒರಳಿಗೆ ಹಾಕಿದವರ ಬೆರಳು ಹೋಗುತ್ತೆ. ಅಲ್ವಾ ಅಬು ಮುನೀರ್?”

ಮಕ್ಕಳಿಗೆ ನನ್ನ ಶುಕ್ರವಾರದ ಕತೆ ಆಗಲೇ ತಲುಪಿತ್ತು ಎನ್ನುವುದು ಅವರು ನಕ್ಕ ರೀತಿಯಲ್ಲೇ ಗೊತ್ತಾಯಿತು.

ಆಮೇಲೆ ಕೆಳಗಿನ ಸ್ವರ ಕರಾರ್, ಅದನ್ನೇ ಮೇಲೆ ಹೋಗಿ ಮುಟ್ಟಿದರೆ ಜವಾಬ್. “ಕೆಳಗಡೆ ಬೀದೀಲಿ ನಿಂತು ಕೂಗೋದು ಕರಾರ್. ಮಹಡಿ ಕಿಟಕಿಯಿಂದ ಅದೇ ಹೆಸರು ತಿರುಗಿ ಬಂದ್ರೆ ಜವಾಬ್.” ಮಕಾಮ್ ಅಂದರೆ ನಿಲ್ಲುವ ಜಾಗ. “ರಾಗ ಊರೆಲ್ಲಾ ಸುತ್ತಲಿ, ಕೊನೆಗೆ ಯಾವ ಮನೆ ಬಾಗಿಲಿಗೆ ಬರುತ್ತೋ ಅದರ ಹೆಸರೇ ಅದರ ಹೆಸರು.” ಬಂದು ಒಳಗೆ ಸೇರಿ ಬೀಗ ಹಾಕುವುದು ಕಫ್ಲಾ. “ಬೀಗ ಬಿದ್ದ ಸದ್ದು ಕೇಳಿದ ಮೇಲೆ ಅಲ್ಲಾಹ್ ಅನ್ನಿ, ಆಹ್ ಅನ್ನಿ, ತಲೆ ಚಚ್ಕೊಳ್ಳಿ. ಅದಕ್ಕೂ ಮುಂಚೆ ಅಂದ್ರೆ, ಬಾಗಿಲಲ್ಲಿ ಕೀಲಿ ಹುಡುಕ್ತಾ ಇರೋ ಮನುಷ್ಯನ ಬೆನ್ನ ಹಿಂದೆ ಹೋಗಿ ಕಿರುಚಿದ ಹಾಗೆ.”

ಪಿಯಾನೊದ ಹತ್ತಿರ ಹೋಗಿ ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಸಂದಿಯನ್ನು ಉಗುರಿನಿಂದ ತೋರಿಸಿದರು. “ಸಿಕಾಹ್ ವಾಸ ಇರೋದು ಇಲ್ಲಿ.” ಮುಂದಿನ ಸಾಲಿನ ಒಬ್ಬಳು ಪುಟ್ಟಿ ಆ ಸಂದಿಗೆ ಕಿವಿ ಇಟ್ಟಳು. ಯಾರೂ ನೋಡದಾಗ ನಾನೂ ಇಡಬೇಕೆಂದಿದ್ದೆ, ಮಂಡಿ ಬಿಡಲಿಲ್ಲ.

ಕೊನೆಗೆ ಘಿಯಾಸನ ಪರೀಕ್ಷೆ. ಮದಾಮ್ ಹಳೆಯ ಅಕಾರ್ಡಿಯನ್ನಿನಲ್ಲಿ ಸಬಾ ರಾಗದ ಒಂದು ತುಣುಕು ನುಡಿಸಿದರು. ಅದು ಕೇಳಿದರೆ ನಮ್ಮ ಕಡೆ ಕತ್ತೆಗೂ ಕಣ್ಣೀರು ಬರುತ್ತದೆ. ಆಮೇಲೆ ಹಿಜಾಜ್ ನುಡಿಸಿದರು. “ಏನು ವ್ಯತ್ಯಾಸ?”

ಘಿಯಾಸ್ ಬಹಳ ಹೊತ್ತು ಯೋಚಿಸಿ ಹೇಳಿದ, “ಎರಡನೇದು ಸ್ವಲ್ಪ ಜೋರಾಗಿತ್ತು ಮದಾಮ್.”

ಮಕ್ಕಳು ಮುಖಮುಖ ನೋಡಿಕೊಂಡರು. ಮದಾಮ್ ಅಕಾರ್ಡಿಯನ್ನನ್ನು ಮೆಲ್ಲಗೆ ಕೆಳಗಿಟ್ಟರು. “ಮಗೂ, ದಿನಾ ಆ ಡ್ರಿಲ್ಲು ಕಿವಿ ಹತ್ರ ಇರುತ್ತಾ?”

“ಹೌದು ಮದಾಮ್.”

“ಸರಿ. ಹೆಸರು ನಾನು ಕೊಡ್ತೀನಿ, ಕಿವಿ ದೇವರು ಕೊಟ್ಟಷ್ಟೇ. ನಿನಗೆ ಹಾಡು ಕೇಳಿಸಲ್ಲ. ನಿನಗೆ ಚೆನ್ನಾಗಿ ಗೊತ್ತಿರೋದು ಏನು?”

“ಬಾಯಿ,” ಎಂದ ಘಿಯಾಸ್, ತಪ್ಪೊಪ್ಪಿಕೊಂಡವನಂತೆ.

“ಹಾಗಿದ್ರೆ ಹಾಡೋನ ಬಾಯಿ ನೋಡ್ತಾ ಕೂತ್ಕೋ. ಗೊತ್ತಾಗದೇ ಇದ್ದಾಗ ಇಸ್. ಗೊತ್ತಾದ್ರೆ, ಗೊತ್ತಾದಷ್ಟೇ ಹೇಳು. ಬೇರೆಯವರು ಹೇಳಿದ್ದನ್ನ ಹೇಳಬೇಡ.”

ಪಾಠ ಮುಗಿದ ಮೇಲೆ ಮಕ್ಕಳಿಗೆ ಪಿಸ್ತಾ ಹಂಚಿದರು. ನಾವು ಒತ್ತಾಯಿಸಿದರೂ ತಾವು ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಊಟಕ್ಕೂ ಮೊಸರಿನಲ್ಲಿ ನೆನೆಸಿದ ಮೆತ್ತನೆಯ ಮಾಂಸದುಂಡೆ, ಕಿಬ್ಬೆ, ಮಾತ್ರವಂತೆ. ಎಂಥ ವಿರಕ್ತಿ ಎಂದು ನನಗೆ ಕೈ ಮುಗಿಯುವ ಹಾಗಾಯಿತು. ದಾರಿಯಲ್ಲಿ ಘಿಯಾಸ್ ಕೇಳಿದ, “ಮಾವ, ಮದಾಮ್ ಯಾಕೆ ಯಾವಾಗ್ಲೂ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಾರೆ?”

“ಮರ್ಯಾದಸ್ಥರು ಹಾಗೇ ಮಾತಾಡೋದು. ನೀನೂ ಕಲಿ,” ಎಂದೆ.

ಚೆರ್ರಿ ಹಣ್ಣಾಗುವವರೆಗೆ ನಾವು ಪಾಠ ತಪ್ಪಿಸಲಿಲ್ಲ. ಘಿಯಾಸನಿಗೆ ಹೆಸರುಗಳೆಲ್ಲ ಬಾಯಿಪಾಠವಾದವು, ಯಾವುದು ಯಾವುದಕ್ಕೆ ಎನ್ನುವುದು ಮಾತ್ರ ಕೊನೆಯವರೆಗೂ ತಿಳಿಯಲಿಲ್ಲ. ರೋಗಿಗಳ ದವಡೆಗೆ ತಟ್ಟುತ್ತ, “ದುಮ್, ತಕ್, ಇಸ್” ಎಂದು ಗೊಣಗುತ್ತಿದ್ದನಂತೆ. ನಾನು ಒಂದು ಉಪಾಯ ಹೇಳಿದೆ. ಕಫ್ಲಾ ಬಂದಾಗ ನಾನು ಅವನ ತೊಡೆ ಚಿವುಟುವುದು, ಅವನು ಕೂಗುವುದು.

“ಮಾವ,” ಎಂದ ಘಿಯಾಸ್ ಮೃದುವಾಗಿ, “ನಿಮ್ಮ ಚಿವುಟೋ ಕೈ ನಂಬಿಕೊಂಡ್ರೆ ರಿಹಾಬ್‌ಗೆ ಬೇರೆ ಗಂಡು ಹುಡುಕ್ತಾರೆ.”

ನನ್ನ ಹೆಂಡತಿ ಅಡುಗೆಮನೆಯಿಂದಲೇ ಅವನ ಮಾತಿಗೆ ಸೈ ಎಂದಳು.

ಅಷ್ಟರಲ್ಲಿ ಹಾಜಿಯವರ ಬಳಗದಲ್ಲಿ ಹೊಸದೊಂದು ಚರ್ಚೆ ಕಾವೇರಿತ್ತು. ಜವಾಬಿನ ಸ್ವರ ಮುಟ್ಟುವ ಮೊದಲು ಮಿಸ್ಬಾಹ್ ಗಕ್ಕನೆ ನಿಲ್ಲುತ್ತಾನಲ್ಲ, ನಾನು ಮುಗ್ಗರಿಸಿ ಬಿದ್ದ ಜಾಗ, ಅದು ಚಳಿಗಾಲ ಮುಗಿಯುವ ಹೊತ್ತಿಗೆ ಅವನ ಹಾಡಿನಲ್ಲಿ ಹೊಸದಾಗಿ ಕಾಣಿಸಿಕೊಂಡಿತ್ತು. ಹಾಜಿ ಅದಕ್ಕೆ ಮರುಳಾಗಿದ್ದರು. “ಕೇಳೋನ ಎದೇನ ಅಂಚಿನವರೆಗೂ ಕರ್ಕೊಂಡು ಹೋಗಿ ಅಲ್ಲೇ ಬಿಟ್ಟುಬಿಡ್ತಾನೆ ನೋಡಿ!” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದಕ್ಕೆ ‘ಹಲಬಿ ಮೌನ’ ಎಂದು ಹೆಸರನ್ನೂ ಇಟ್ಟಿದ್ದರು. ಬೇರೆ ಗಾಯಕರೂ ಅದನ್ನು ಅಭ್ಯಾಸ ಮಾಡುತ್ತಿದ್ದಾರೆ ಎಂದು ಸುದ್ದಿ ಇತ್ತು. ಇಂಥದ್ದಕ್ಕೆ ಮದಾಮ್ ನೆವಾರ್ತರ ಮುದ್ರೆ ಬೀಳಬೇಕಲ್ಲ. ಹಾಜಿ ಖುದ್ದಾಗಿ ಪಾಠದ ಮನೆಗೆ ಬಂದು ಕೇಳಿದರು.

“ಆ ಮೌನ ನಿಮ್ಮ ಪಾಠದಲ್ಲಿ ಯಾವ ಹೆಸರಿಗೆ ಬರುತ್ತೆ ಮದಾಮ್? ಇಸ್ ಅಂತೂ ಅಲ್ಲ, ಅದು ತಾಳದ್ದು. ಕಫ್ಲಾ ಅಲ್ಲ. ನಾನಿಟ್ಟ ಹೆಸರೇ ಇರಲಿ ಅಂತೀರಾ?”

ಮದಾಮ್ ಕರವಸ್ತ್ರ ಮಡಚಿದರು. “ಅದಕ್ಕೆ ಹೆಸರಿಲ್ಲ ಹಾಜಿ. ನಾನು ಇಡೋದೂ ಇಲ್ಲ.”

ಹಾಜಿಗೆ ಒಳಗೇ ಖುಷಿ. “ಹೆಸರಿಗೂ ನಿಲುಕದ್ದು!” ಎಂದು ಊರೆಲ್ಲ ಹೇಳಿಕೊಂಡು ಬಂದರು.

ಆ ಶುಕ್ರವಾರ ಬಂತು. ಚೆರ್ರಿ ಕಬಾಬು ಹೇಗಿತ್ತೆಂದು ಕೇಳಬೇಡಿ, ನನ್ನ ಗಮನವೆಲ್ಲ ಘಿಯಾಸನ ಮೇಲಿತ್ತು. ಮಹಡಿಯ ಮರದ ಜಾಲರಿಯ ಹಿಂದೆ ಹೆಂಗಸರು ಸೇರಿದ್ದರು. ರಿಹಾಬ್ ಎಲ್ಲಿದ್ದಾಳೆಂದು ಘಿಯಾಸ್ ತಲೆ ಎತ್ತಲಿಲ್ಲ. ಜಾಣ. ಮದಾಮ್ ನೆವಾರ್ತ್ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಹಾಜಿ ತಮ್ಮ ಎದುರಿಗೇ ಘಿಯಾಸನನ್ನು ಕೂರಿಸಿಕೊಂಡು, “ಶುರು ಮಾಡಪ್ಪ ಮಿಸ್ಬಾಹ್” ಎಂದರು.

ಮಿಸ್ಬಾಹ್ ಕೆನ್ನೆಗೆ ಕೈ ಕೊಟ್ಟು ಶುರು ಮಾಡಿದ. ಬಯಾತಿ ರಾಗ ಎಂದು ಪಕ್ಕದವರು ಹೇಳಿದ್ದರಿಂದ ನನಗೂ ಬಯಾತಿ ಎಂದೇ ಕೇಳಿಸಿತು. ಎಲ್ಲರ ಕಣ್ಣು ಒಂದೊಂದಾಗಿ ಮುಚ್ಚಿದವು. ಘಿಯಾಸ್ ಮಾತ್ರ ಕಣ್ಣು ಬಿಟ್ಟುಕೊಂಡು, ಕತ್ತು ಮುಂದೆ ಚಾಚಿ, ಮಿಸ್ಬಾಹನ ಬಾಯೊಳಗೇ ಇಳಿದುಬಿಡುವವನಂತೆ ನೋಡುತ್ತಿದ್ದ. ಸ್ವರ ಏರಿತು, ಇನ್ನೂ ಏರಿತು, ಜವಾಬಿನ ಹೊಸ್ತಿಲಿಗೆ ಬಂತು. ನಿಂತಿತು.

ಮೌನ. ನಾನು ಎರಡೂ ಕೈಯಿಂದ ನನ್ನ ಬಾಯನ್ನೇ ಮುಚ್ಚಿಕೊಂಡಿದ್ದೆ. ಘಿಯಾಸ್ ಕೂಗಲಿಲ್ಲ. ಅಬ್ಬ, ಹುಡುಗ ಪಾರಾದ ಅಂದುಕೊಂಡೆ. ಮಿಸ್ಬಾಹ್ ಕೆಳಗಿಳಿದು ಬಂದು ಬೀಗ ಹಾಕಿದ. ಅಂಗಳವೆಲ್ಲ “ಅಲ್ಲಾಹ್!” ಎಂದಿತು. ಹಾಜಿ ಕಣ್ಣೊರೆಸಿಕೊಂಡು ಘಿಯಾಸನ ಕಡೆ ತಿರುಗಿದರು.

“ಡಾಕ್ಟ್ರೇ, ಎಲ್ಲರೂ ಕಣ್ಣು ಮುಚ್ಚಿದಾಗ ನೀವೊಬ್ರೇ ನೋಡ್ತಾ ಇದ್ರಿ. ಆ ಮೌನ ಇತ್ತಲ್ಲ, ಅದರಲ್ಲಿ ನಿಮಗೇನು ಸಿಕ್ತು? ನಾಚಿಕೆ ಬೇಡ, ಹೇಳಿ.”

ಈ ಪ್ರಶ್ನೆಗೆಂದೇ ನಾನು ಘಿಯಾಸನಿಗೆ ಒಂದು ಉತ್ತರ ಬಾಯಿಪಾಠ ಮಾಡಿಸಿದ್ದೆ. ಅದರಲ್ಲಿ ಎದೆ, ಅಂಚು, ಆಕಾಶ ಎಲ್ಲ ಇತ್ತು. ಘಿಯಾಸ್ ನನ್ನ ಕಡೆ ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ಮದಾಮ್ ಕರವಸ್ತ್ರದ ಹಿಂದೆ ಅಲುಗಾಡದೆ ಕೂತಿದ್ದರು.

“ಮೇಲ್ಗಡೆ ಎಡಕ್ಕೆ, ಹಿಂದಿನ ದವಡೆ ಹಲ್ಲು ಹಾಜಿ,” ಎಂದ ಘಿಯಾಸ್. “ಬೇರಿನವರೆಗೂ ಹುಳುಕು ಇಳಿದಿರಬೇಕು. ಬಾಯಿ ಪೂರ್ತಿ ತೆರೆದು ಗಾಳಿ ಎಳ್ಕೊಂಡಾಗ ಚಳಕ್ ಅನ್ನುತ್ತೆ. ಅದಕ್ಕೇ ನಿಲ್ಲಿಸ್ತಾರೆ. ಬಹಳ ನೋವಿದೆ ಪಾಪ.”

ನಾನು ಅಂಗಳದ ಕಾರಂಜಿಯ ತೊಟ್ಟಿಯ ಆಳವನ್ನು ಕಣ್ಣಲ್ಲೇ ಅಳೆದೆ. ಮನುಷ್ಯ ಮುಳುಗುವಷ್ಟು ಇರಲಿಲ್ಲ. ಅಕ್ಕನಿಗೆ ಏನು ಹೇಳುವುದು ಎಂದು ವಾಕ್ಯ ಜೋಡಿಸತೊಡಗಿದೆ.

ಹಾಜಿ ನಿಧಾನಕ್ಕೆ ಗಾಯಕನ ಕಡೆ ತಿರುಗಿದರು. “ಮಿಸ್ಬಾಹ್?”

ಮಿಸ್ಬಾಹ್ ಕೆನ್ನೆಯಿಂದ ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು. “ಹೌದು ಹಾಜಿ! ರಮಜಾನಿಗೂ ಮುಂಚಿನಿಂದ ಜೀವ ಹೋಗ್ತಿದೆ! ಲವಂಗ ಇಟ್ಟೆ, ಅರಕ್ಕು ಮುಕ್ಕಳಿಸಿದೆ, ಕ್ಷಮಿಸಿ, ಔಷಧಿಗೆ ಅಂತ. ಮೊದಲ ಸಲ ನೋವಿಗೆ ನಿಲ್ಲಿಸಿದಾಗ ನೀವು ಎದ್ದು ಬಂದು ಹಣೆಗೆ ಮುತ್ತು ಕೊಟ್ರಿ. ಆಮೇಲೆ ಹಲ್ಲು ಕೀಳಿಸ್ಕೊಳ್ಳೋಕೆ ಹೇಗೆ ಹೋಗಲಿ? ಹಲ್ಲಿನ ಜೊತೆ ಆ ಮೌನವೂ ಹೋದ್ರೆ ನೀವು ನನ್ನ ಕರೀತಿದ್ರಾ?”

ಹಾಜಿಯವರ ಮುಖ ಮೊದಲು ಬಿಳಿಯಾಯಿತು, ಆಮೇಲೆ ಅವರು ಮಾರುವ ಸಾಬೂನಿನ ಹಸಿರಿಗೆ ಬಂತು. ತಾವು ಅತ್ತದ್ದು, ಹೆಸರಿಟ್ಟದ್ದು, ಊರೆಲ್ಲ ಸಾರಿದ್ದು, ಎಲ್ಲ ನೆನಪಾಗಿರಬೇಕು. ಕೊನೆಗೆ ಬಾಗಿಲ ಕಡೆ ತಿರುಗಿ, “ಮದಾಮ್, ನಿಮಗಿದು ಗೊತ್ತಿತ್ತಾ?” ಎಂದರು.

“ಗೊತ್ತಿತ್ತು ಹಾಜಿ.”

“ನಾನು ಮನೆಗೇ ಬಂದು ಕೇಳಿದೆನಲ್ಲ!”

“ನೀವು ಹೆಸರು ಕೇಳಿದ್ರಿ. ಹೆಸರಿಲ್ಲ ಅಂದೆ. ಕಾರಣ ಕೇಳಲಿಲ್ಲ.”

ಮಹಡಿಯ ಮೇಲೆ ರಿಹಾಬ್ ಕಿಸಕ್ಕನೆ ನಕ್ಕಳು. ಅದೇ ಸಾಕಾಯಿತು. ಹಾಜಿ ವಹೀದರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಕುರ್ಚಿ. ನಕ್ಕೂ ನಕ್ಕೂ ಕೆಮ್ಮು ಹತ್ತಿ, ನೀರು ಕುಡಿದು, ಮತ್ತೆ ನಕ್ಕರು. “ಯಾ ರಬ್, ಅಷ್ಟು ಶುಕ್ರವಾರ ನಾನು ಒಂದು ದವಡೆ ಹಲ್ಲಿಗೆ ಅತ್ತೆನಾ! ಅದಕ್ಕೆ ನಮ್ಮೂರಿನ ಹೆಸರು ಬೇರೆ ಇಟ್ಟೆ!” ಎಂದರು. ಒಬ್ಬರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಮುಂದಿನ ಸಾಲಿನಲ್ಲಿ ಆ ಮೌನದ ಬಗ್ಗೆ ಲೇಖನ ಬರೆಯುವವರಿದ್ದ ಒಬ್ಬ ಮೇಷ್ಟರು ಮಾತ್ರ ಕಾಫಿ ಲೋಟದೊಳಗೇ ನೋಡುತ್ತ ಕೂತಿದ್ದರು.

ಉಸಿರು ಹತೋಟಿಗೆ ಬಂದ ಮೇಲೆ ಹಾಜಿ ಘಿಯಾಸನ ಕೈ ಹಿಡಿದುಕೊಂಡರು. “ನಿನ್ನ ಕಿವಿ ಹೇಗಪ್ಪ, ನಿಜ ಹೇಳು?”

“ಇಲ್ಲವೇ ಇಲ್ಲ ಹಾಜಿ. ಬಯಾತಿ ಯಾವುದು ಅಂತ ಈಗಲೂ ಗೊತ್ತಿಲ್ಲ.”

“ಹೋಗಲಿ ಬಿಡು. ಈ ಮನೇಲಿ ಕಿವಿಗಳು ಬೇಕಾದಷ್ಟಿವೆ, ಏನು ಕೆಲಸಕ್ಕೆ ಬಂದವು ಅಂತ ನೋಡಿದೆಯಲ್ಲ. ಹಲ್ಲಿನೋನು ಒಬ್ಬನೂ ಇಲ್ಲ. ಮೊದಲು ಈ ಮಿಸ್ಬಾಹನ ಹಲ್ಲು ನೋಡು. ಆಮೇಲೆ ಮದುವೆ. ಮದುವೆಗೆ ಇವನು ಬಾಯಿ ಪೂರ್ತಿ ತೆರೆದು ಹಾಡಬೇಕು, ಇಲ್ಲದಿದ್ರೆ ಹುಡುಗಿ ಕೊಡಲ್ಲ.”

ಹೀಗೆ ನಮ್ಮ ಮನೆಯ ಮದುವೆ ಒಂದು ದವಡೆಯ ಮೇಲೆ ನಿಂತಿತು. ಘಿಯಾಸ್ ಇಷ್ಟು ಎಚ್ಚರಿಕೆಯಿಂದ ಯಾವ ಹಲ್ಲನ್ನೂ ಕಿತ್ತಿರಲಾರ. ಆ ದಿನಗಳಲ್ಲಿ ಮದಾಮ್ ನೆವಾರ್ತರೂ ಅವನ ದವಾಖಾನೆಗೆ ಹೋಗಿಬಂದರೆಂದು ನನಗೆ ಸುಳಿವು ಸಿಕ್ಕಿತ್ತು. ಶಿಷ್ಯನನ್ನು ಹರಸಲು ಹೋಗಿರಬೇಕು ಎಂದುಕೊಂಡೆ. ಒಮ್ಮೆ ಹರಸಲು ಇಷ್ಟು ಸಲ ಯಾಕೆ ಹೋಗಬೇಕೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮದುವೆಯ ದಿನ ಅದೇ ಅಂಗಳ, ಅದೇ ಕಾರಂಜಿ, ಎರಡರಷ್ಟು ಜನ. ಮಿಸ್ಬಾಹ್ ಎದ್ದು ನಿಂತು, ಹಲ್ಲುನೋವು ಶುರುವಾದ ಮೇಲೆ ಮೊದಲ ಬಾರಿಗೆ ಕೆನ್ನೆಗೆ ಕೈ ಕೊಡದೆ ಶುರು ಮಾಡಿದ. ಬಹಳ ತಿಂಗಳಿಂದ ಕಟ್ಟಿಹಾಕಿದ್ದ ಕುದುರೆಯ ಹಾಗೆ ಓಡಿತು ದನಿ. ಏರಿತು, ಜವಾಬಿನ ಹೊಸ್ತಿಲಿಗೆ ಬಂತು. ಅಭ್ಯಾಸಬಲದಿಂದ ಹಾಜಿ ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು. ದನಿ ನಿಲ್ಲಲಿಲ್ಲ. ಹೊಸ್ತಿಲು ದಾಟಿ, ಮಹಡಿಯ ಕಿಟಕಿ ತೆರೆದು, ಅಲ್ಲೇ ನಿಂತು ಊರನ್ನೆಲ್ಲ ಕೂಗಿ ಕರೆದು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ತಿರುವಿನಲ್ಲಿ ಸ್ವಲ್ಪ ತಡೆದು, ನಮ್ಮನ್ನೆಲ್ಲ ಸತಾಯಿಸಿ, ಬಾಗಿಲಿಗೆ ಬಂತು. ನಾನು ತುಟಿ ಕಚ್ಚಿಕೊಂಡಿದ್ದೆ. ಇನ್ನೂ ಇಲ್ಲ, ಇನ್ನೂ ಇಲ್ಲ. ಬೀಗ ಬಿತ್ತು.

“ಅಲ್ಲಾ—ಹ್!”

ನಾನಲ್ಲ. ಹಾಜಿಯೂ ಅಲ್ಲ. ಗಂಟೆ ಬಾರಿಸಿದ ಹಾಗೆ, ಎಲ್ಲರಿಗಿಂತ ಮೊದಲು, ಸರಿಯಾದ ಜಾಗದಲ್ಲಿ ಬಿದ್ದ ಆ ಕೂಗು ಬಾಗಿಲ ಪಕ್ಕದ ಕುರ್ಚಿಯಿಂದ ಬಂದಿತ್ತು.

ಉಳಿದವರ ಬಾಯಲ್ಲಿದ್ದ “ಅಲ್ಲಾಹ್” ಗಂಟಲಲ್ಲೇ ಸಿಕ್ಕಿಕೊಂಡಿತು. ಮಿಸ್ಬಾಹ್ ಎದೆಯ ಮೇಲೆ ಕೈ ಇಟ್ಟು ಹಾಗೇ ಕೆಳಗೆ ಕೂತ. ಅವನ ಕಣ್ಣಿಂದ ಧಾರಾಕಾರ ನೀರು, ಈ ಸಲ ಹಲ್ಲಿಗಲ್ಲ. ಬೇಕರಿಯ ಸಾಲಿನಲ್ಲಿ ಹರಕೆಯ ಕತೆ ಹೇಳುತ್ತಿದ್ದವನು, “ಸಿಕ್ಕಿದ! ಸಮನಾದವನು ಸಿಕ್ಕಿದ!” ಎಂದು ಪಕ್ಕದವನನ್ನು ಅಪ್ಪಿಕೊಂಡ. ಹಾಜಿ ವಹೀದ್ ಎದ್ದು ನಿಂತು ಬಾಗಿಲ ಕಡೆಗೆ ತಲೆ ಬಾಗಿಸಿದರು. ಒಳಕ್ಕೆ ಇಂಗಿದ್ದು ಕೊನೆಗೂ ಉಕ್ಕಿತಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ನಾನು ಜನರನ್ನು ಸರಿಸಿಕೊಂಡು ಮದಾಮರ ಕುರ್ಚಿಯ ಹತ್ತಿರ ಹೋದೆ. ಅವರು ನನ್ನ ಅಕ್ಕ ಕೊಟ್ಟ ತಟ್ಟೆಯಿಂದ ಒಂದು ಪಿಸ್ತಾ ಆರಿಸಿ, ಬಾಯಿಗೆ ಹಾಕಿಕೊಂಡು, ಟಕ್ಕೆಂದು ಕಡಿದರು. ಕರವಸ್ತ್ರ ಎಲ್ಲೂ ಕಾಣಲಿಲ್ಲ.

“ಮದಾಮ್,” ಎಂದೆ. “ಇಷ್ಟು ವರ್ಷ ಎಂಥೆಂಥವರು ಹಾಡಿದ್ರು, ನೀವು ಒಂದು ಸಲವೂ ಬಾಯಿ ಬಿಡಲಿಲ್ಲ. ಇವತ್ತು ಬಿಟ್ರಿ. ಈ ಹಾಡಿನಲ್ಲಿ ಅಂಥದ್ದೇನು ಕೇಳಿಸ್ತು ನಿಮಗೆ? ದಯವಿಟ್ಟು ಹೇಳಿ.”

ಮದಾಮ್ ಪಿಸ್ತಾ ಪೂರ್ತಿ ಅಗಿದು ನುಂಗಿದರು.

“ಹಾಡು ಚೆನ್ನಾಗಿತ್ತು ಅಬು ಮುನೀರ್. ನಿಮ್ಮ ಅಳಿಯ ಮೊನ್ನೆ ಹೊಸ ಹಲ್ಲಿನ ಸೆಟ್ಟು ಮಾಡಿಕೊಟ್ಟ. ಹಳೇದು ಕೂಗಿದ್ರೆ ಬಿದ್ದುಹೋಗ್ತಿತ್ತು. ಇದು ನಿಲ್ಲುತ್ತಾ ಅಂತ ನೋಡಿದೆ.”